ಐ7 ಬಿಟ್ಟು ಐ3 ತಗೊಳ್ಳಿ ಅಂತೀರಾ?

ಪ್ರಶ್ನೆ: ನಮ್ಮದು ಕೊರಟಗೆರೆ ತಾಲ್ಲೂಕಿನ ಒಂದು ಹಳ್ಳಿ. ಮಗಳು ಈ ವರ್ಷ ತುಮಕೂರಿನಲ್ಲಿ ಬಿ.ಇ. ಕಂಪ್ಯೂಟರ್ ಸೈನ್ಸ್ ಸೇರಿದ್ದಾಳೆ. ಲ್ಯಾಪ್‌ಟಾಪ್ ಕೊಡಿಸಬೇಕು. ಅಂಗಡಿಯವರು ಮೂರು ತೋರಿಸಿದರು. ಒಂದರಲ್ಲಿ ರೈಜನ್ 5 7520ಯು, ಇನ್ನೊಂದರಲ್ಲಿ ಐ3-1215ಯು, ಮತ್ತೊಂದರಲ್ಲಿ ಕೋರ್ 5 120ಯು ಅಂತ ಇದೆ. ಕೊನೆಯದು ಎಲ್ಲಕ್ಕಿಂತ ದುಬಾರಿ, ಆದರೆ ಅದರ ನಂಬರ್ ಎಲ್ಲಕ್ಕಿಂತ ಚಿಕ್ಕದು! ಇದರ ಮಧ್ಯೆ ನನ್ನ ಭಾಮೈದ ತಾನು ಬಳಸಿದ ಐ7-7500ಯು ಲ್ಯಾಪ್‌ಟಾಪನ್ನು ಹದಿನೈದು ಸಾವಿರಕ್ಕೆ ಕೊಡುತ್ತೇನೆ ಅನ್ನುತ್ತಾನೆ. ‘ಐ7 ಮುಂದೆ ಐ3 ಯಾವ ಲೆಕ್ಕ ಭಾವ’ ಅಂತ ಅವನ ವಾದ. ಯಾವುದು ತಗೊಳ್ಳಲಿ? ಬೇರೆಯದು ತಗೊಂಡರೆ ಅವನಿಗೆ ಬೇಜಾರಾಗದ ಹಾಗೆ ಏನು ಹೇಳಲಿ?

ಉತ್ತರ: ನೀವು ಬರೆದ ಹೆಸರುಗಳೆಲ್ಲ ಪ್ರೊಸೆಸರ್‌ನವು, ಅಂದರೆ ಲ್ಯಾಪ್‌ಟಾಪಿನ ಮಿದುಳಿನಂತಿರುವ ಚಿಪ್‌ನವು. ತೀರ್ಪು ಮೊದಲು ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಕೋರ್ 5 120ಯು ಇರುವುದು 16 ಜಿಬಿ ರ‍್ಯಾಮ್ (ಕೆಲಸ ಮಾಡುವಾಗ ಬಳಸುವ ಮೆಮೊರಿ) ಜೊತೆ ನಿಮ್ಮ ಕೈಗೆಟುಕಿದರೆ ಅದನ್ನೇ ತಗೊಳ್ಳಿ. ಎಟುಕದಿದ್ದರೆ ಐ3-1215ಯು. ರೈಜನ್ 5 7520ಯು ಮೂರನೆಯದು. ಭಾಮೈದನ ಐ7 ಕಟ್ಟಕಡೆಗೆ. ಈಗ ಆ ನಾಲ್ಕು ನಂಬರುಗಳನ್ನು ಒಂದು ಚೀಟಿಯಲ್ಲಿ ಬರೆದು ನೋಡಿ. 120, 1215, 7520, 7500. ದೊಡ್ಡ ನಂಬರ್ ಒಳ್ಳೆಯದು ಅಂದುಕೊಂಡು ಹೋಗಿದ್ದರೆ ನೀವು ಹೆಚ್ಚೂಕಮ್ಮಿ ಪೂರ್ತಿ ಉಲ್ಟಾ ಸಾಲಿನಲ್ಲಿ ಆರಿಸುತ್ತಿದ್ದಿರಿ.

ತಲೆ ಕೆಟ್ಟಿದ್ದು ನಿಮಗೊಬ್ಬರಿಗೇ ಅಲ್ಲ. ತುಮಕೂರಿನ ಬಿ.ಎಚ್. ರಸ್ತೆಯ ಪಕ್ಕದ ಒಂದು ಓಣಿಯಲ್ಲಿ ನನ್ನ ರಿಪೇರಿ ಅಂಗಡಿ ಇದೆ. ಕಾಲೇಜು ಶುರುವಾಗುವ ದಿನಗಳಲ್ಲಿ ಇದೇ ಪ್ರಶ್ನೆ ಹಿಡಿದುಕೊಂಡು ದಿನಕ್ಕೆ ಇಬ್ಬರಾದರೂ ಬರುತ್ತಾರೆ. ಒಮ್ಮೆ ಒಬ್ಬ ಹುಡುಗ ಬಂದು ‘ಅಣ್ಣಾ, ಇದರಲ್ಲಿ ಜಿಪಿಯು ಯಾವುದು?’ ಅಂತ ಕೇಳಿದ. ಪಕ್ಕದಲ್ಲಿ ಪ್ರಿಂಟರ್ ರಿಪೇರಿಗೆ ಕಾದು ಕೂತಿದ್ದ ಹಿರಿಯರೊಬ್ಬರು ತಟ್ಟನೆ ‘ಇಪ್ಪತ್ತೆಂಟು’ ಅಂದರು. ನಮ್ಮ ಕಡೆಯ ರೈತರಿಗೆ ಜಿಪಿಯು ಅಂದರೆ ರಾಗಿ ತಾನೇ. ಗ್ರಾಫಿಕ್ಸ್ ಚಿಪ್ ಯಾವುದು ಅಂತ ಕೇಳಿದ್ದ ಹುಡುಗನಿಗೆ ಅರ್ಥವಾಗಲಿಲ್ಲ. ನನಗೆ ನಗು ತಡೆಯಲಾಗಲಿಲ್ಲ.

ಆ ಹಿರಿಯರ ಮಾತಿನಿಂದಲೇ ಶುರು ಮಾಡುತ್ತೇನೆ. ನೀವು ರೈತ ಸಂಪರ್ಕ ಕೇಂದ್ರಕ್ಕೆ ಹೋದರೆ ಜಿಪಿಯು-28, ಎಂಆರ್-6, ಎಂಎಲ್-365 ಅಂತ ಬಿತ್ತನೆ ರಾಗಿಯ ಹೆಸರು ಕೇಳುತ್ತೀರಿ. 365 ಅನ್ನುವುದು 28ಕ್ಕಿಂತ ದೊಡ್ಡದು, ಆದ್ದರಿಂದ ಅದೇ ಒಳ್ಳೆ ರಾಗಿ ಅಂತ ಯಾರಾದರೂ ಅಂದರೆ ನೀವು ನಗುತ್ತೀರಿ. ಎಂಎಲ್-365 ಅಂದರೆ 365 ದಿನದ ಬೆಳೆಯೂ ಅಲ್ಲ. ಎಂಆರ್-6 ದೀರ್ಘಾವಧಿಯದು, ಮಳೆ ಬೇಗ ಬಿದ್ದ ವರ್ಷಕ್ಕೆ ಸರಿ. ಜಿಪಿಯು-28 ಅದಕ್ಕಿಂತ ಬೇಗ ಕೊಯ್ಲಿಗೆ ಬರುತ್ತದೆ. ಇದನ್ನೆಲ್ಲ ನೀವು ನಂಬರ್ ನೋಡಿ ತಿಳಿದಿದ್ದಲ್ಲ. ಹೊಲ ನೋಡಿ, ಕೇಳಿ ತಿಳಿದಿದ್ದು. ಪ್ರೊಸೆಸರ್ ವಿಷಯವೂ ಹಾಗೆಯೇ. ಒಂದೇ ವ್ಯತ್ಯಾಸ. ರಾಗಿ ತಳಿಗೆ ಹೆಸರಿಟ್ಟ ವಿಜ್ಞಾನಿಗೆ ನಿಮ್ಮ ಕಣ್ಣು ಕಟ್ಟುವ ಉದ್ದೇಶ ಇರಲಿಲ್ಲ. ಪ್ರೊಸೆಸರ್‌ಗೆ ಹೆಸರಿಡುವುದು ಮಾರಾಟ ವಿಭಾಗದವರು. ಡಬ್ಬದ ಮೇಲಿನ ಹೆಸರನ್ನು ಆ ಅನುಮಾನ ಇಟ್ಟುಕೊಂಡೇ ಓದಬೇಕು.

ಮೊದಲು ಹೀಗಿರಲಿಲ್ಲ. ಚಿಪ್ ಮಾಡುವ ಇಂಟೆಲ್ ಕಂಪನಿ 1978ರಲ್ಲಿ 8086 ಅನ್ನುವ ಪ್ರೊಸೆಸರ್ ತಂದಿತು. ಆಮೇಲೆ 286, 386, 486 ಬಂದವು. ದೊಡ್ಡ ನಂಬರ್ ಅಂದರೆ ಹೊಸದು, ಜೋರು. ಮುಗೀತು. ಆದರೆ ಎಎಂಡಿ ಅನ್ನುವ ಇನ್ನೊಂದು ಚಿಪ್ ಕಂಪನಿ ತನ್ನದೂ ಒಂದು 386 ಮಾರಾಟಕ್ಕೆ ತರಲು ಹೊರಟಿತು. ಇಂಟೆಲ್ ಕೋರ್ಟಿಗೆ ಹೋಯಿತು. 386 ಅನ್ನುವ ಬರೀ ಅಂಕಿ ಯಾರೊಬ್ಬರ ಟ್ರೇಡ್‌ಮಾರ್ಕೂ ಆಗಲಾರದು ಅಂತ 1991ರಲ್ಲಿ ಅಮೆರಿಕದ ಕೋರ್ಟ್ ಹೇಳಿಬಿಟ್ಟಿತು. 586 ಅಂತ ಆಗಬೇಕಿದ್ದದ್ದು 1993ರಲ್ಲಿ ‘ಪೆಂಟಿಯಮ್’ ಅಂತ ಬಂದಿದ್ದು ಹಾಗೆ. ಗ್ರೀಕ್ ಭಾಷೆಯಲ್ಲಿ ಪೆಂಟೆ ಅಂದರೆ ಐದು. ಅಂಕಿಯನ್ನು ಕಾಯ್ದುಕೊಳ್ಳಲು ಆಗಲಿಲ್ಲ, ಅದಕ್ಕೇ ಹೆಸರು ಕಟ್ಟಿದರು. ಗೋಜಲು ಹುಟ್ಟಿದ್ದು ಇಲ್ಲಿ ಅಂತ ನನ್ನ ಅಭಿಪ್ರಾಯ.

ಆಮೇಲೆ ಸ್ವಲ್ಪ ಕಾಲ ಜನ ಗಿಗಾಹರ್ಟ್ಸ್, ಅಂದರೆ ಚಿಪ್ ಓಡುವ ವೇಗದ ಅಳತೆ, ನೋಡಿ ಕೊಳ್ಳುತ್ತಿದ್ದರು. ಅಲ್ಲೂ ಆಟ ನಡೆಯಿತು. 2001ರಲ್ಲಿ ಎಎಂಡಿ ತಂದ ಅಥ್ಲಾನ್ ಎಕ್ಸ್‌ಪಿ 1800+ ಓಡುತ್ತಿದ್ದದ್ದು 1.53 ಗಿಗಾಹರ್ಟ್ಸ್‌ನಲ್ಲಿ. 1800 ಅನ್ನುವುದು ವೇಗವಲ್ಲ, ‘ನಾನು ಅಷ್ಟು ವೇಗದವನಿಗೆ ಸಮ’ ಅನ್ನುವ ಹೇಳಿಕೆ. ಹೇಳಿಕೆ ಸುಳ್ಳೂ ಆಗಿರಲಿಲ್ಲ, ಆ ಚಿಪ್ ನಿಜಕ್ಕೂ ಚೆನ್ನಾಗಿತ್ತು. ಗಿಗಾಹರ್ಟ್ಸ್ ಜಾಸ್ತಿ ಇದ್ದ ಮಾತ್ರಕ್ಕೆ ಕೆಲಸ ಜಾಸ್ತಿ ಆಗುವುದಿಲ್ಲ. ಇದು ಇಂಟೆಲ್‌ಗೂ ಗೊತ್ತಾಯಿತು. 2004ರಿಂದ ಅವರೂ ವೇಗ ಬಿಟ್ಟು ಮಾದರಿ ನಂಬರ್ ಕೊಡಲು ಶುರು ಮಾಡಿದರು. 2008ರ ಕೊನೆಗೆ ಐ7 ಬಂತು, 2009ರಲ್ಲಿ ಐ5, 2010ರ ಮೊದಲಲ್ಲಿ ಐ3. ಪಾಪ, ಪೆಂಟಿಯಮ್ ಅಷ್ಟು ಹೊತ್ತಿಗೆ ಕೆಳಗಿಳಿದು ಅಗ್ಗದ ಮಾಲಿನ ಹೆಸರಾಗಿತ್ತು. ತೊಂಬತ್ತರ ದಶಕದಲ್ಲಿ ಪೆಂಟಿಯಮ್ ಇರುವ ಮನೆಗೆ ಊರವರು ನೋಡಲು ಬರುತ್ತಿದ್ದರು.

ಈಗ ನಿಮ್ಮ ಭಾಮೈದನ ಮಾತಿಗೆ ಬರೋಣ. ಐ3, ಐ5, ಐ7 ಅನ್ನುವುದು ಒಂದೇ ಜನರೇಷನ್ನಿನ ಒಳಗಿನ ದರ್ಜೆ. ಶಾಲೆಯಲ್ಲಿ ಫಸ್ಟ್ ಕ್ಲಾಸ್, ಸೆಕೆಂಡ್ ಕ್ಲಾಸ್ ಇದ್ದ ಹಾಗೆ. ಏಳನೇ ತರಗತಿಯಲ್ಲಿ ಫಸ್ಟ್ ಕ್ಲಾಸ್ ಬಂದ ಹುಡುಗ, ಪಿಯುಸಿಯಲ್ಲಿ ಸೆಕೆಂಡ್ ಕ್ಲಾಸ್ ಬಂದ ಹುಡುಗಿ, ಇಬ್ಬರಲ್ಲಿ ಯಾರಿಗೆ ಹೆಚ್ಚು ಲೆಕ್ಕ ಬರುತ್ತದೆ? ಐ7-7500ಯು ಅನ್ನುವುದರಲ್ಲಿ ಅಡ್ಡಗೆರೆಯ ನಂತರದ ಮೊದಲ 7 ಏಳನೇ ಜನರೇಷನ್. ಅದು 2016ರದು. ಅದರಲ್ಲಿ ಇರುವುದು ಎರಡೇ ಕೋರ್, ಅಂದರೆ ಚಿಪ್ ಒಳಗೆ ದುಡಿಯುವ ಘಟಕ. ಮರುವರ್ಷವೇ, 2017ರಲ್ಲಿ, ಐ5-8250ಯು ಬಂತು. ಅದರಲ್ಲಿ ನಾಲ್ಕು ಕೋರ್. ಒಂದೇ ವರ್ಷದಲ್ಲಿ ಐ5 ಅನ್ನುವುದು ಹಿಂದಿನ ಐ7ಗಿಂತ ದುಪ್ಪಟ್ಟು ಕೈಗಳಿಂದ ದುಡಿಯಲು ಶುರು ಮಾಡಿತು. ಆದರೆ ಲ್ಯಾಪ್‌ಟಾಪ್ ಮೇಲೆ ಅಂಟಿಸಿದ ಸ್ಟಿಕ್ಕರ್‌ನಲ್ಲಿ ಕಣ್ಣಿಗೆ ಹೊಡೆಯುವುದು ‘ಐ7’ ಮಾತ್ರ. ಸೆಕೆಂಡ್ ಹ್ಯಾಂಡ್ ಮಾರುವವರು ‘ಐ7 ಪ್ರೊಸೆಸರ್, 16 ಜಿಬಿ ರ‍್ಯಾಮ್’ ಅಂತ ದೊಡ್ಡದಾಗಿ ಬರೆದು ಪೂರ್ತಿ ನಂಬರ್ ಬರೆಯದೆ ಬಿಡುವುದೂ ಇದಕ್ಕೇ. 2008ರ ಮೊಟ್ಟಮೊದಲ ಐ7 ಕೂಡ ಐ7ನೇ, ಅಲ್ವಾ?

ಆ ಹಳೆಯ ಲ್ಯಾಪ್‌ಟಾಪ್ ಬೇಡ ಅನ್ನಲು ವೇಗಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಇಂಟೆಲ್ ಚಿಪ್‌ಗಳಲ್ಲಿ ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಒಪ್ಪುವುದು ಎಂಟನೇ ಜನರೇಷನ್ನಿನಿಂದ ಮೇಲಕ್ಕೆ. ಏಳನೆಯದರಲ್ಲಿ ಒಂದೆರಡು ಬಿಡಿ ಮಾದರಿಗಳಿಗೆ ವಿನಾಯಿತಿ ಉಂಟು, 7500ಯು ಆ ಪಟ್ಟಿಯಲ್ಲಿ ಇಲ್ಲ. ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಏನೇನೋ ಉಪಾಯ ಮಾಡಿ 11 ಹಾಕಿಕೊಡುವವರು ಇದ್ದಾರೆ, ನಾನೂ ಹಾಕಿದ್ದೇನೆ. ಆದರೆ ನಾಲ್ಕು ವರ್ಷ ಓದಬೇಕಾದ ಮಗುವಿನ ಕೈಗೆ ಅಂಥದ್ದನ್ನು ಕೊಡಲು ನನಗೆ ಮನಸ್ಸಿಲ್ಲ.

ಇಂಟೆಲ್ ನಂಬರ್‌ನಲ್ಲಿ ಜನರೇಷನ್ ಹುಡುಕುವಾಗ ಒಂದು ಗುಂಡಿ ಇದೆ. 8250ಯು ಅಂದರೆ ಎಂಟನೆಯದು. ಹಾಗಿದ್ದರೆ 1215ಯು ಒಂದನೆಯದಾ? ಅಲ್ಲ, ಹನ್ನೆರಡನೆಯದು. ಒಂಬತ್ತು ದಾಟಿದ ಮೇಲೆ ಮೊದಲ ಎರಡು ಅಂಕಿ ಸೇರಿಸಿ ಓದಬೇಕು. ಆದರೆ ಲ್ಯಾಪ್‌ಟಾಪ್‌ಗಳಲ್ಲಿ ಎಷ್ಟೋ ಕಡೆ ಹಿಂದಿನ ಒಂದು ಅಂಕಿಯನ್ನು ಕತ್ತರಿಸಿದರು. ಹಾಗಾಗಿ 8250 ಮತ್ತು 1215 ಎರಡೂ ನಾಲ್ಕೇ ಅಂಕಿ, ಓದುವ ಕ್ರಮ ಮಾತ್ರ ಬೇರೆ. ನೆನಪಿಟ್ಟುಕೊಳ್ಳಲು ಸುಲಭದ ದಾರಿ ಹೀಗಿದೆ. ಐ3, ಐ5, ಐ7ಗಳ ನಿಜವಾದ ಮೊದಲ ಜನರೇಷನ್ನಿಗೆ ಮೂರೇ ಅಂಕಿ ಇತ್ತು, ಐ7-920 ಅಂತ. ಆದ್ದರಿಂದ ‘ಐ’ ಇರುವ ಹೆಸರಿನಲ್ಲಿ ನಾಲ್ಕು ಅಂಕಿ ಇದ್ದು 1ರಿಂದ ಶುರುವಾದರೆ ಅದು ಹತ್ತು ಅಥವಾ ಮೇಲಿನದೇ. ಹತ್ತನೆಯದರಲ್ಲಿ ಇನ್ನೊಂದು ತಮಾಷೆ. ಐ5-1035ಜಿ1 ಕೂಡ ಹತ್ತನೆಯದು, ಐ5-10210ಯು ಕೂಡ ಹತ್ತನೆಯದು. ಒಳಗಿನ ವಿನ್ಯಾಸ ಬೇರೆ ಬೇರೆ. ಮೊದಲನೆಯದು ಹೊಸ ವಿನ್ಯಾಸ, ಎರಡನೆಯದು ಹಳೆಯದರ ಮುಂದುವರಿಕೆ.

ಹೋಗಲಿ, ಅಷ್ಟಾದರೂ ಒಂದು ಲೆಕ್ಕ ಸಿಗುತ್ತಿತ್ತು. 2023ರ ಜೂನ್‌ನಲ್ಲಿ ಇಂಟೆಲ್ ‘ಐ’ ಅನ್ನುವ ಅಕ್ಷರವನ್ನೇ ಕೈಬಿಡುವುದಾಗಿ ಹೇಳಿತು. ಇನ್ನು ಮೇಲೆ ‘ಕೋರ್’ ಮತ್ತು ‘ಕೋರ್ ಅಲ್ಟ್ರಾ’ ಎರಡೇ. ನಂಬರ್ ಮತ್ತೆ ನೂರರಿಂದ ಶುರು. ನಿಮ್ಮ ಅಂಗಡಿಯವರು ತೋರಿಸಿದ ಕೋರ್ 5 120ಯು ಆ ಲೆಕ್ಕದ್ದು, 2024ರ ಜನವರಿಯದು. ನಂಬರ್ ಚಿಕ್ಕದಾಗಿದ್ದು ಅದಕ್ಕೇ. ಮೀಟರನ್ನೇ ಸೊನ್ನೆಗೆ ತಿರುಗಿಸಿದ್ದಾರೆ.

ಆದರೆ ‘ಅಲ್ಟ್ರಾ’ ಅನ್ನುವ ಒಂದು ಪದ ಇಲ್ಲಿ ಬಹಳ ಕೆಲಸ ಮಾಡುತ್ತದೆ. ಕೋರ್ ಅಲ್ಟ್ರಾ 5 125ಎಚ್ ಅನ್ನುವುದು 2023ರ ಡಿಸೆಂಬರ್‌ನಲ್ಲಿ ಬಂದ ಹೊಸ ವಿನ್ಯಾಸ. ಕೋರ್ 5 120ಯು ಹಾಗಲ್ಲ. ಅದು ಹದಿಮೂರನೇ ಜನರೇಷನ್ನಿನ ಐ5-1335ಯು ಕುಟುಂಬದ್ದೇ, ಹೊಸ ಅಂಗಿ ತೊಟ್ಟು ಬಂದಿದೆ. ಅದರಲ್ಲಿ ಎಐ ಕೆಲಸಕ್ಕಂತ ಇರುವ ಪ್ರತ್ಯೇಕ ಭಾಗವೂ ಇಲ್ಲ. ಅಂಗಡಿಯವರು ‘ಫೋರ್ಟೀನ್ತ್ ಜೆನ್ ಆದಮೇಲಿನ ಹೊಸದು ಸಾರ್’ ಅಂದರೆ ತಲೆ ಆಡಿಸಿ, ಅದಕ್ಕಂತ ಹೆಚ್ಚು ದುಡ್ಡು ಕೊಡಬೇಡಿ. ಹಾಗಿದ್ದೂ ನಾನು ಅದನ್ನೇ ಮೊದಲು ಹೇಳಿದ್ದು ಯಾಕೆ ಅಂದರೆ, ಹದಿಮೂರನೆಯದಾದರೂ ಅದು ಗಟ್ಟಿ ಚಿಪ್. ಅದೇ ಬೆಲೆಗಿಂತ ಎರಡು ಮೂರು ಸಾವಿರ ಕಡಿಮೆಗೆ ಐ5-1335ಯು ಸಿಕ್ಕಿದರೆ ಕಣ್ಣು ಮುಚ್ಚಿಕೊಂಡು ಅದನ್ನು ತಗೊಳ್ಳಿ.

ಈಗ ಕೋರ್ ಲೆಕ್ಕ. 120ಯುನಲ್ಲಿ ಹತ್ತು ಕೋರ್, 1215ಯುನಲ್ಲಿ ಆರು ಕೋರ್ ಅಂತ ಬರೆದಿರುತ್ತದೆ. ಈ ಹತ್ತೂ ಒಂದೇ ಬಲದವಲ್ಲ. 120ಯುನಲ್ಲಿ ಎರಡು ದೊಡ್ಡ ಕೋರ್, ಎಂಟು ಚಿಕ್ಕವು. 1215ಯುನಲ್ಲಿ ಎರಡು ದೊಡ್ಡವು, ನಾಲ್ಕು ಚಿಕ್ಕವು. ಎರಡು ಹಳ್ಳಿಕಾರ್ ಎತ್ತು, ಎಂಟು ಕತ್ತೆ ಅಂದುಕೊಳ್ಳಿ. ಕತ್ತೆ ಅಂದೆ ಅಂತ ಕಡೆಗಣಿಸಬೇಡಿ. ಕರೆಂಟ್ ಕಡಿಮೆ ತಿನ್ನುತ್ತವೆ, ಒಟ್ಟಿಗೆ ಹೊರೆ ಹೊರುವ ಕೆಲಸಕ್ಕೆ ಚೆನ್ನಾಗಿ ಒದಗುತ್ತವೆ. ಆದರೆ ಉಳುವಾಗ ಮುಂದೆ ನಿಲ್ಲುವುದು ಎತ್ತೇ. ಎರಡರಲ್ಲೂ ಎತ್ತು ಎರಡೇ ಇರುವುದರಿಂದ ವರ್ಡ್, ಬ್ರೌಸರ್, ಚಿಕ್ಕಪುಟ್ಟ ಪ್ರೋಗ್ರಾಂ ಬರೆಯುವಾಗ ಐ3ಗೂ ಕೋರ್ 5ಗೂ ನಿಮ್ಮ ಮಗಳಿಗೆ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ದೊಡ್ಡ ಪ್ರಾಜೆಕ್ಟ್ ಕಂಪೈಲ್ ಮಾಡುವಾಗ (ಬರೆದ ಪ್ರೋಗ್ರಾಂ ಓಡುವ ರೂಪಕ್ಕೆ ತರುವಾಗ), ಮೊಬೈಲ್ ಆ್ಯಪ್ ಬರೆದು ಎಮ್ಯುಲೇಟರ್ (ಕಂಪ್ಯೂಟರ್ ಒಳಗಿನ ನಕಲು ಫೋನ್) ಓಡಿಸುವಾಗ ಉಳಿದ ನಾಲ್ಕು ಕತ್ತೆಗಳು ನೆನಪಾಗುತ್ತವೆ. ಅದು ಹೆಚ್ಚಾಗಿ ಕೊನೆಯ ಎರಡು ವರ್ಷದ ಮಾತು.

ಇದೇ ಹೋಲಿಕೆ ಹಿಡಿದು ಇನ್ನೊಂದು ಎಚ್ಚರಿಕೆ. ಅಂಗಡಿಯಲ್ಲಿ ಐ3-ಎನ್305 ಅಂತ ಇನ್ನೊಂದು ಕಾಣಬಹುದು. ಹೆಸರಲ್ಲಿ ಐ3 ಇದೆ, ಕೋರ್ ಎಂಟು ಅಂತಲೂ ಬರೆದಿರುತ್ತದೆ. ಎಂಟೂ ಕತ್ತೆ! ಒಂದೂ ಎತ್ತಿಲ್ಲ. ಬಿಲ್ಲಿಂಗ್ ಮಾಡಲು, ಪಾಠ ನೋಡಲು ಪರವಾಗಿಲ್ಲ. ಕಂಪ್ಯೂಟರ್ ಸೈನ್ಸ್‌ಗೆ ಬೇಡ.

ರೈಜನ್ ಕಥೆ ಇನ್ನೂ ಸೊಗಸು. ಎಎಂಡಿ 2017ರಲ್ಲಿ ರೈಜನ್ ತಂದಾಗ 3, 5, 7 ಅನ್ನುವ ಅಂಕಿಗಳನ್ನೇ ಆರಿಸಿಕೊಂಡಿತು. ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ. ಅವರ ಚಿಪ್‌ಗಳ ಒಳವಿನ್ಯಾಸಕ್ಕೆ ಜೆನ್ ಅಂತ ಹೆಸರು. ಅಂಗಡಿಯವರು ಜನರೇಷನ್ನಿಗೂ ಜೆನ್ ಅನ್ನುತ್ತಾರೆ, ಎರಡನ್ನೂ ಬೆರೆಸಬೇಡಿ. ಜೆನ್ 2, ಜೆನ್ 3, ಜೆನ್ 4 ಹೀಗೆ ಸಾಗುತ್ತದೆ. ನಂಬರ್ ಇದರ ಜೊತೆಗೇ ನಡೆದಿದ್ದರೆ ಎಷ್ಟು ಚೆನ್ನಾಗಿತ್ತು! ಲ್ಯಾಪ್‌ಟಾಪ್‌ನ 5000 ಸಾಲಿನಲ್ಲೇ ನೋಡಿ. ರೈಜನ್ 5 5600ಯು ಜೆನ್ 3, ಅದರ ಪಕ್ಕದ 5500ಯು ಜೆನ್ 2. ರೈಜನ್ 7 5700ಯು ಕೂಡ ಜೆನ್ 2. ಅಂದರೆ 5700 ಹಳೆಯದು, 5600 ಹೊಸದು.

ಜನ ಬೈದರು ಅಂತ ಕಾಣುತ್ತದೆ. 2022ರಲ್ಲಿ ಎಎಂಡಿ ಲ್ಯಾಪ್‌ಟಾಪ್‌ಗಳಿಗೆ ಹೊಸ ನಿಯಮ ಪ್ರಕಟಿಸಿತು. ನಾಲ್ಕು ಅಂಕಿಗೂ ಒಂದೊಂದು ಅರ್ಥ. ಮೊದಲನೆಯದು ಮಾರಾಟದ ವರ್ಷ, 7 ಅಂದರೆ 2023, 8 ಅಂದರೆ 2024. ಎರಡನೆಯದು ದರ್ಜೆ. ಮೂರನೆಯದು ನಿಜವಾದ ವಿನ್ಯಾಸ. ನಾಲ್ಕನೆಯದು ಅದರೊಳಗೆ ಮೇಲಿನದೋ ಕೆಳಗಿನದೋ ಅನ್ನುವುದು. ಓದಲು ಬಂದವರಿಗೆ ಇದು ಪ್ರಾಮಾಣಿಕ ನಿಯಮವೇ. ಆದರೆ ಎಲ್ಲಕ್ಕಿಂತ ಮುಖ್ಯವಾದ ಅಂಕಿಯನ್ನು ಮೂರನೇ ಜಾಗದಲ್ಲಿ ಅಡಗಿಸಿ, ಏನೂ ಹೇಳದ ವರ್ಷವನ್ನು ಮೊದಲು ನಿಲ್ಲಿಸಿದರಲ್ಲ, ಅದು ಜಾಣತನ. ನಿಮ್ಮ 7520ಯು ನೋಡಿ. ಮೂರನೇ ಅಂಕಿ 2. ಅಂದರೆ ಜೆನ್ 2. ಆ ವಿನ್ಯಾಸ ಮೊದಲು ಮಾರುಕಟ್ಟೆಗೆ ಬಂದದ್ದು 2019ರಲ್ಲಿ. ಮುಂದೆ ಮಾತ್ರ 7 ಅಂತ ಹೊಸ ವರ್ಷದ ಸೀಲು. ಒಂದೇ ಒಂದು ಅಂಕಿ ಬದಲಾಗಿ 7530ಯು ಆಗಿದ್ದರೆ ಅದು ಜೆನ್ 3, ಕೋರ್ ನಾಲ್ಕರ ಬದಲು ಆರು. ಅದೇ ಅಂಗಡಿಯಲ್ಲಿ 7530ಯು ಇದ್ದರೆ, ನನ್ನ ಸಾಲಿನಲ್ಲಿ ಅದನ್ನು ಐ3ಗಿಂತ ಮೇಲೆ ಸೇರಿಸಿಕೊಳ್ಳಿ.

ಈ ಮೂರನೇ ಅಂಕಿಯ ಸೂತ್ರ ಲ್ಯಾಪ್‌ಟಾಪ್‌ಗೆ ಮಾತ್ರ. ಡೆಸ್ಕ್‌ಟಾಪ್‌ನ ರೈಜನ್ 5 7600ಕ್ಕೆ ಇದನ್ನು ಹಚ್ಚಿದರೆ ‘ಜೆನ್ ಸೊನ್ನೆ’ ಅಂತ ಬರುತ್ತದೆ! ಅದು ಜೆನ್ 4. ಇನ್ನು ಲ್ಯಾಪ್‌ಟಾಪ್‌ನಲ್ಲೂ ಈ ಸೂತ್ರ ಜನ ಬಾಯಿಪಾಠ ಮಾಡುವಷ್ಟರಲ್ಲಿ, 2024ರಲ್ಲಿ, ರೈಜನ್ ಎಐ 300 ಅಂತ ಮೂರಂಕಿಯ ಹೊಸ ಸಾಲು ತಂದರು. 2025ರಲ್ಲಿ ರೈಜನ್ 200 ಅಂತ ಇನ್ನೊಂದು ಬಂತು, ಅದರಲ್ಲಿ ಹಿಂದಿನ ಜೆನ್ 4 ಚಿಪ್‌ಗಳೇ.

2023ರ ಡಿಸೆಂಬರ್‌ನಲ್ಲಿ ಇಂಟೆಲ್ ಇದೇ 7520ಯು ಹೆಸರು ಹಿಡಿದು ಎಎಂಡಿಯನ್ನು ಗೇಲಿ ಮಾಡುವ ಒಂದು ಪ್ರಚಾರ ಮಾಡಿತು. ಹಳೆಯ ಮಾಲನ್ನು ಹೊಸ ಹೆಸರಲ್ಲಿ ಮಾರುತ್ತಿದ್ದಾರೆ ಅಂತ. ಹೇಳಿದ್ದು ಸುಳ್ಳಲ್ಲ. ಆದರೆ ಹೇಳಿದವರು ಯಾರು ನೋಡಿ! ತಾವೇ ಹದಿಮೂರನೆಯದಕ್ಕೆ ಸ್ವಲ್ಪ ಬಣ್ಣ ಬಳಿದು ಹದಿನಾಲ್ಕು ಅಂತ ಡೆಸ್ಕ್‌ಟಾಪ್‌ಗೆ ಮಾರುತ್ತಿದ್ದ ಕಾಲ ಅದು. ಜನ ನಕ್ಕರು, ಕೆಲವೇ ದಿನಗಳಲ್ಲಿ ಆ ಪ್ರಚಾರವನ್ನು ತೆಗೆದರು.

ಕಂಪನಿಗಳನ್ನು ಬೈಯುತ್ತಲೇ ಒಂದು ಮಾತು ಅವರ ಪರವಾಗಿಯೂ ಹೇಳಬೇಕು. ಇಷ್ಟೊಂದು ಮಾದರಿ ಯಾಕೆ ಅಂತ ಕೇಳಬಹುದು. ತಿಪಟೂರಿನ ಕಡೆ ಕೊಬ್ಬರಿ ಸುಲಿಯುವುದನ್ನು ನೋಡಿದ್ದೀರಿ ತಾನೇ. ಒಂದೇ ತೋಟ, ಒಂದೇ ಅಟ್ಟ. ಸುಲಿದ ಮೇಲೆ ಗಟ್ಟಿ ಉಂಡೆ ಒಂದು ರಾಶಿ, ಒಡೆದದ್ದು ಇನ್ನೊಂದು ರಾಶಿ, ಕೆಟ್ಟದ್ದು ಎಣ್ಣೆಗೆ. ಚಿಪ್‌ಗಳದೂ ಅದೇ ಕಥೆ. ಒಂದೇ ಸಿಲಿಕಾನ್ ಬಿಲ್ಲೆಯ ಮೇಲೆ ನೂರಾರು ಚಿಪ್ ಮೂಡುತ್ತವೆ, ಎಲ್ಲವೂ ಸಮ ಬರುವುದಿಲ್ಲ. ಪೂರ್ತಿ ಸರಿ ಇರುವುದು ದುಬಾರಿ ಹೆಸರಿಗೆ ಹೋಗುತ್ತದೆ. ಒಂದೆರಡು ಕೋರ್ ಕೈಕೊಟ್ಟರೆ ಅವನ್ನು ಆಫ್ ಮಾಡಿ ಕೆಳಗಿನ ಹೆಸರಿನಲ್ಲಿ ಮಾರುತ್ತಾರೆ. ಇದರಲ್ಲಿ ಮೋಸ ಇಲ್ಲ. ಎಸೆಯುವ ಬದಲು ಬಳಕೆಗೆ ಬರುತ್ತದೆ, ನಮಗೂ ಅಗ್ಗಕ್ಕೆ ಸಿಗುತ್ತದೆ. ನನ್ನ ತಕರಾರು ರಾಶಿ ಹಾಕಿದ್ದಕ್ಕಲ್ಲ. ಹೋದ ವರ್ಷದ ರಾಶಿಯ ಮೇಲೆ ಈ ವರ್ಷದ ಚೀಟಿ ಅಂಟಿಸಿದ್ದಕ್ಕೆ.

ಕೊನೆಯ ಅಕ್ಷರಕ್ಕೆ ಬರುತ್ತೇನೆ, ಯಾಕೆಂದರೆ ನಾನೇ ಎಡವಿದ್ದು ಅಲ್ಲಿ. ಲ್ಯಾಪ್‌ಟಾಪ್‌ನಲ್ಲಿ ಯು ಅಂದರೆ ಕಡಿಮೆ ವಿದ್ಯುತ್ತಿನದು, ಸುಮಾರು 15 ವ್ಯಾಟ್ ಲೆಕ್ಕ. ಪಿ ಅಂದರೆ 28, ಎಚ್ ಅಂದರೆ 45, ಎಚ್‌ಎಕ್ಸ್ ಅಂದರೆ 55. ಅಕ್ಷರ ಮೇಲೆ ಹೋದಷ್ಟೂ ಕಸುವು ಜಾಸ್ತಿ, ಬಿಸಿ ಜಾಸ್ತಿ, ಬ್ಯಾಟರಿ ಬೇಗ ಖಾಲಿ. ಬಸ್ಸಿನಲ್ಲಿ ಓಡಾಡುವ ಮಗುವಿಗೆ ಯು ಸರಿಯಾದದ್ದೇ. ಇದೇ ಜಾಗದಲ್ಲಿ ಒಮ್ಮೆ ವೈ ಅಂತ ಒಂದಿತ್ತು, ಇನ್ನೂ ಕಡಿಮೆ ಬಲದ್ದು, 4.5 ವ್ಯಾಟಿನದು. ಅದಕ್ಕೆ ಮೊದಲು ಕೋರ್ ಎಂ ಅಂತ ಬೇರೆ ಹೆಸರಿತ್ತು. ಏಳನೇ ಜನರೇಷನ್ನಿನಲ್ಲಿ ಐ7-7ವೈ75 ಅಂತ ಮಾಡಿ, ವೈ ಅಕ್ಷರವನ್ನು ನಂಬರ್ ನಡುವೆ ತುರುಕಿದರು. ಸೆಕೆಂಡ್ ಹ್ಯಾಂಡ್‌ನಲ್ಲಿ ಈಗಲೂ ಅದು ‘ಐ7’ ಅಂತಲೇ ಕೈಬದಲಾಗುತ್ತಿದೆ.

ಡೆಸ್ಕ್‌ಟಾಪ್‌ನಲ್ಲಿ ಅಕ್ಷರಗಳು ಬೇರೆ. ಅಲ್ಲಿ ಎಫ್ ಅಂತ ಒಂದಿದೆ. ಕೆಲವು ವರ್ಷದ ಹಿಂದೆ ಪರಿಚಯದವರ ಲೆಕ್ಕಪತ್ರದ ಆಫೀಸಿಗೆ ಒಂದು ಅಸೆಂಬಲ್ಡ್ ಸಿಸ್ಟಮ್ ಕಟ್ಟುತ್ತಿದ್ದೆ. ಐ5-12400 ಬೇಕಿತ್ತು. ಸುಮಾರು ಕಡಿಮೆ ಬೆಲೆಗೆ ಐ5-12400ಎಫ್ ಕಂಡಿತು. ಒಂದಕ್ಷರ ತಾನೇ ಅಂತ ತರಿಸಿಬಿಟ್ಟೆ. ಎಲ್ಲ ಜೋಡಿಸಿ ಆನ್ ಮಾಡಿದರೆ ಫ್ಯಾನ್ ತಿರುಗುತ್ತದೆ, ಲೈಟು ಉರಿಯುತ್ತದೆ, ಪರದೆ ಮಾತ್ರ ಕಪ್ಪು. ಸಂಜೆ ಏಳರಿಂದ ಹತ್ತರವರೆಗೆ ಕೇಬಲ್ ಬದಲಿಸಿದೆ, ಮಾನಿಟರ್ ಬದಲಿಸಿದೆ, ರ‍್ಯಾಮ್ ಉಜ್ಜಿ ಉಜ್ಜಿ ಹಾಕಿದೆ. ಎಫ್ ಅಂದರೆ ಒಳಗೆ ಗ್ರಾಫಿಕ್ಸ್ ಇಲ್ಲ ಅಂತ. ಬೋರ್ಡಿನ ಹಿಂದೆ ಎಚ್‌ಡಿಎಂಐ ತೂತು ಇದ್ದರೂ ಚಿತ್ರ ಕಳಿಸುವವರೇ ಒಳಗಿಲ್ಲ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಹಾಕಲೇಬೇಕು. ಹಳೆಯದೊಂದು ಕಾರ್ಡ್ ನನ್ನ ಕೈಯಿಂದಲೇ ಹಾಕಿಕೊಟ್ಟೆ. ಉಳಿದ ದುಡ್ಡು ಅಲ್ಲಿಗೆ ಸರಿಹೋಯಿತು, ಮಾನ ಬೇರೆ ಹೋಯಿತು.

ನಿಮ್ಮ ಮೂರು ಲ್ಯಾಪ್‌ಟಾಪ್‌ಗೆ ಮತ್ತೆ ಬರೋಣ. ಪ್ರೊಸೆಸರ್ ಬಗ್ಗೆ ಇಷ್ಟು ಹೇಳಿದ ಮೇಲೆ ಹೀಗೆ ಅನ್ನುವುದು ವಿಚಿತ್ರ ಅನಿಸಬಹುದು, ಆದರೆ ನಿಮ್ಮ ಬಜೆಟ್‌ನಲ್ಲಿ ರ‍್ಯಾಮ್ ಅದಕ್ಕಿಂತ ಮುಖ್ಯ. ಬಿ.ಇ. ಮುಗಿಯುವವರೆಗೆ 8 ಜಿಬಿ ಸಾಲುವುದಿಲ್ಲ. ರೈಜನ್ 7520ಯು ಮೂರನೇ ಸ್ಥಾನಕ್ಕೆ ಇಳಿದದ್ದು ಹಳೆಯ ವಿನ್ಯಾಸಕ್ಕೆ ಮಾತ್ರ ಅಲ್ಲ. ಅದು ಒಪ್ಪುವುದು ಎಲ್‌ಪಿಡಿಡಿಆರ್5 ಅನ್ನುವ ಬಗೆಯ ರ‍್ಯಾಮ್ ಮಾತ್ರ. ಆ ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. 8 ಜಿಬಿ ತಗೊಂಡರೆ ಕೊನೆಯವರೆಗೂ 8 ಜಿಬಿ. ಆಮೇಲೆ ನನ್ನ ಅಂಗಡಿಗೆ ತಂದರೂ ನಾನು ಕೈ ಮುಗಿದು ಕಳಿಸಬೇಕಾಗುತ್ತದೆ. ಆ ಚಿಪ್ ಕೆಟ್ಟದ್ದು ಅನ್ನುತ್ತಿಲ್ಲ. ಕರೆಂಟ್ ಕಡಿಮೆ ಎಳೆಯುತ್ತದೆ, ಮನೆಬಳಕೆಗೆ ಆರಾಮಾಗಿ ಓಡುತ್ತದೆ. ‘ರೈಜನ್ 5’ ಅನ್ನುವ ಹೆಸರು ಕೊಡುವ ಭರವಸೆಗೆ ತಕ್ಕ ಮಾಲು ಅಲ್ಲ, ಅಷ್ಟೇ.

ಐ3-1215ಯು ಇರುವ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಸ್ಲಾಟ್ ಇರುತ್ತದೆ. ಎಲ್ಲದರಲ್ಲೂ ಅಲ್ಲ. ಅಂಗಡಿಯವರನ್ನು ನೇರವಾಗಿ ಕೇಳಿ: ‘ಇದರಲ್ಲಿ ಖಾಲಿ ಸ್ಲಾಟ್ ಇದೆಯಾ, ಎಷ್ಟು ಜಿಬಿವರೆಗೆ ಹಾಕಬಹುದು?’ ಗೊತ್ತಿಲ್ಲ ಅಂದರೆ ಪೂರ್ತಿ ಮಾಡೆಲ್ ನಂಬರ್ ಬರೆಸಿಕೊಂಡು ಬನ್ನಿ, ಕಂಪನಿಯ ವೆಬ್‌ಸೈಟಿನಲ್ಲಿ ನೋಡೋಣ. ಸ್ಲಾಟ್ ಇದ್ದರೆ ಈಗ 8 ಜಿಬಿಯಲ್ಲಿ ತಗೊಂಡು, ಕೈಯಲ್ಲಿ ದುಡ್ಡಾದಾಗ ಇನ್ನೊಂದು 8 ಸೇರಿಸಬಹುದು. ಐ3 ಎರಡನೇ ಸ್ಥಾನಕ್ಕೆ ಏರಲು ಇದೇ ದೊಡ್ಡ ಕಾರಣ. ಒಂದು ವೇಳೆ ಆ ಐ3ರಲ್ಲಿ ಸ್ಲಾಟ್ ಇಲ್ಲದೆ 8 ಜಿಬಿ ಇದ್ದು, ರೈಜನ್‌ನಲ್ಲಿ 16 ಜಿಬಿ ಇದ್ದರೆ ನನ್ನ ಸಾಲು ಅದಲುಬದಲಾಗುತ್ತದೆ.

ದುಡ್ಡು ಕೊಡುವ ಮೊದಲು ಲ್ಯಾಪ್‌ಟಾಪ್ ಆನ್ ಮಾಡಿಸಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್ ಅನ್ನುವ ಭಾಗಕ್ಕೆ ಹೋದರೆ ಪ್ರೊಸೆಸರ್‌ನ ಪೂರ್ತಿ ಹೆಸರು, ಕೋರ್ ಸಂಖ್ಯೆ ಎಲ್ಲ ಕಾಣುತ್ತದೆ. ಮೆಮೊರಿ ಒತ್ತಿದರೆ ಸ್ಲಾಟ್ ಲೆಕ್ಕವೂ ಸಾಮಾನ್ಯವಾಗಿ ಸಿಗುತ್ತದೆ. ಆ ಪೂರ್ತಿ ಹೆಸರನ್ನು ಮೊಬೈಲ್‌ನಲ್ಲಿ ಹುಡುಕಿ, ಮೊದಲು ನೋಡಬೇಕಾದ್ದು ಅದು ಯಾವ ವರ್ಷ, ಯಾವ ತಿಂಗಳು ಬಂತು ಅನ್ನುವುದು. ಇಂಟೆಲ್ ತನ್ನ ವೆಬ್‌ಸೈಟಿನಲ್ಲಿ ಪ್ರತಿ ಚಿಪ್ಪಿನದೂ ಜಾತಕ ಹಾಕಿದೆ, ಎಎಂಡಿಯದೂ ಇದೆ. ಬಿಲ್ಲಿನಲ್ಲಿ ‘ಐ3 ಲ್ಯಾಪ್‌ಟಾಪ್’ ಅಂತ ಬರೆದುಕೊಟ್ಟರೆ ಒಪ್ಪಬೇಡಿ. ಪೂರ್ತಿ ನಂಬರ್ ಬರೆಸಿ, ಕೊನೆಯ ಅಕ್ಷರ ಸಮೇತ.

ಮಗಳಿಗೆ ಫೋನ್ ಕೂಡ ಕೊಡಿಸುವ ಯೋಚನೆ ಇದ್ದರೆ ಅಲ್ಲೂ ಇದೇ ಗೋಳು. ಸ್ನ್ಯಾಪ್‌ಡ್ರ್ಯಾಗನ್ 888 ಅನ್ನುವ ಫೋನ್ ಚಿಪ್ ಆದಮೇಲೆ 2021ರ ಕೊನೆಗೆ ‘8 ಜೆನ್ 1’ ಅಂತ ಹೊಸ ಲೆಕ್ಕ ಶುರುವಾಯಿತು. ಈಗ 7 ಜೆನ್, 7ಎಸ್ ಜೆನ್, 7+ ಜೆನ್ ಅಂತ ಕವಲುಗಳಿವೆ. 7+ ಜೆನ್ 2 ನಿಜಕ್ಕೂ ಜೋರು, 7ಎಸ್ ಜೆನ್ 2 ಅದರ ಹತ್ತಿರಕ್ಕೂ ಬರುವುದಿಲ್ಲ. ಅದನ್ನು ಇನ್ನೊಂದು ಸಲ ಬರೆಯುತ್ತೇನೆ.

ಇನ್ನು ಭಾಮೈದನ ವಿಷಯ. ಅವರು ಮೋಸ ಮಾಡಲು ಹೊರಟವರಲ್ಲ. 2016ರಲ್ಲಿ ಐ7 ಕೊಂಡಾಗ ಚೆನ್ನಾಗಿಯೇ ದುಡ್ಡು ಕೊಟ್ಟಿರುತ್ತಾರೆ, ಆ ಹೆಮ್ಮೆ ಇನ್ನೂ ಇಳಿದಿಲ್ಲ. ಚಿಪ್ ಬಗ್ಗೆ ವಾದಕ್ಕೆ ಇಳಿಯಬೇಡಿ. ‘ಕಾಲೇಜಿನವರು ವಿಂಡೋಸ್ 11 ಕೇಳಬಹುದಂತೆ, ಇದಕ್ಕೆ ಅದು ಸರಿಯಾಗಿ ಕೂರುವುದಿಲ್ಲವಂತೆ’ ಅನ್ನಿ, ಅದು ನಿಜವೂ ಹೌದು. ಹದಿನೈದು ಸಾವಿರ ಜಾಸ್ತಿಯಾಯಿತು. ಆರೇಳು ಸಾವಿರಕ್ಕೆ ಕೊಟ್ಟರೆ ಬಿಡಬೇಡಿ. ಹಾರ್ಡ್ ಡಿಸ್ಕ್ ಇದ್ದರೆ ತೆಗೆದು ಒಂದು ಎಸ್‌ಎಸ್‌ಡಿ (ವೇಗದ ಡಿಸ್ಕ್) ಹಾಕಿಸಿ, ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಡುತ್ತೇನೆ. ಮನೆಯಲ್ಲಿ ಪಹಣಿ ತೆಗೆಯಲು, ಮಂಡಿ ರೇಟು ನೋಡಲು ನಿಮಗೆ ಇನ್ನೂ ನಾಲ್ಕು ವರ್ಷ ಬರುತ್ತದೆ. ಬರುವಾಗ ಚಾರ್ಜರ್ ಮರೆಯಬೇಡಿ, ಆ ಕಾಲದ ಪಿನ್ನು ನನ್ನ ಹತ್ತಿರ ಇಲ್ಲ.